ಮಳೆಯಿಲ್ಲದ ದಿನಗಳ ಮಳೆ

ಕಳಸದ ನಮ್ಮ ಬೆಳೆಗಾರರ ಸಂಘಕ್ಕೆ ಇದ್ದದ್ದು ಒಂದೇ ಸ್ಪ್ರಿಂಕ್ಲರ್ ಸೆಟ್. ಕಾಫಿ ಹೂವರಳಿಸುವ ಹೂಮಳೆ ಸಾಕಷ್ಟು ಬೀಳದ ಸಣ್ಣ ತೋಟಗಳಿಗೆ ಅದು ಸರದಿಯ ಮೇಲೆ ಹೋಗಬೇಕು. ಕಳೆದ ಬೇಸಿಗೆಯಲ್ಲಿ ಆ ಸರದಿಯನ್ನು ನಿರ್ಧರಿಸುವ ಕೆಲಸವನ್ನು ಒಂದು ಏಜೆಂಟ್‌ಗೆ, ಅಂದರೆ ತಾನೇ ಓದಿ ಮುಂದಿನ ಕೆಲಸವನ್ನೂ ತಾನೇ ಮಾಡುವ ತಂತ್ರಾಂಶಕ್ಕೆ, ವಹಿಸಲಾಯಿತು. ವಿಶ್ವವಿದ್ಯಾಲಯದಿಂದ ಆಗಷ್ಟೇ ಮರಳಿದ್ದ ನಾನು ಅದನ್ನು ಸಂಘದ ಲಿನಕ್ಸ್ ಕಂಪ್ಯೂಟರಿನಲ್ಲಿ, ಒಂದು ಕಂಟೇನರಿನೊಳಗೆ ಓಡಿಸುತ್ತಿದ್ದೆ. ಕಂಟೇನರ್ ಎಂದರೆ ಸುತ್ತ ಗೋಡೆಯಿರುವ ಕೋಣೆ. ನಾವು ಒಳಗೆ ಕೊಟ್ಟಷ್ಟೇ ಅದರ ಜಗತ್ತು. ವಾಟ್ಸ್‌ಆ್ಯಪ್‌ ಗುಂಪಿಗೆ ಬರುವ ಮಳೆಯ ಅಂಕಿಗಳನ್ನು ಏಜೆಂಟ್ ಬೆಳಿಗ್ಗೆ ಓದಿ, ಕೂಡಿಸಿ, ಸೆಟ್ ಒಯ್ಯುವ ಪಿಕಪ್‌ನ ಚಾಲಕನಿಗೆ ಮಳೆ ಕಡಿಮೆಯಾದ ಊರಿನ ಹೆಸರು ಕಳುಹಿಸುತ್ತಿತ್ತು.

ಒಂದು ದಿನ ಸಂಸೆಯ ಬೆಳೆಗಾರ್ತಿಯೊಬ್ಬರು ಬಸ್ಸಿಳಿದು ನೇರ ಸಂಘಕ್ಕೆ ಬಂದರು. ಕೈಯಲ್ಲಿ ರೊಬಸ್ಟಾ ಕಾಫಿಯ ಒಂದು ರೆಂಬೆ. ಅವರಲ್ಲಿ ಕೆಲವು ದಿನಗಳ ಹಿಂದೆ ಒಂದೇ ದಿನ ಬಿದ್ದದ್ದು ನಲವತ್ತು ಸೆಂಟ್ ಮಳೆ, ಅರ್ಧ ಇಂಚೂ ಅಲ್ಲ; ಮೊಗ್ಗು ಅರೆಬರೆ ಉಬ್ಬಿ, ತುದಿ ಕಂದತೊಡಗಿತ್ತು. ಬೇಗ ನೀರು ಸಿಗದಿದ್ದರೆ ಆ ವರ್ಷದ ಹೂವೇ ಇಲ್ಲ.

"ನನ್ ಸರದಿ ಯಾಕ್ ತೆಗೆದ್ರಿ?"

"ನಾನ್ ತೆಗ್ದಿಲ್ಲಮ್ಮ, ಕಂಪ್ಯೂಟರ್ ತೆಗ್ದಿದೆ," ಎಂದರು ಕಾರ್ಯದರ್ಶಿ. "ನಿಮ್ಮಲ್ಲಿ ಒಳ್ಳೆ ಮಳೆ ಅಂತೆ."

"ಹೌದಾ? ಎಲ್ಲಿ ಬಿತ್ತು ಅಂತ ಅದನ್ನೇ ಕೇಳಿ. ಕೊಡೆ ಹಿಡ್ಕೊಂಡ್ ಹೋಗಿ ನೋಡ್ಕೊಂಡ್ ಬರ್ತೀನಿ."

ಕಂಪ್ಯೂಟರ್ ತೆಗೆದಿದೆ ಎಂಬ ಆ ಮಾತು ನನ್ನನ್ನು ಕೆರಳಿಸಿತು. ಆದರೆ ಸಿಟ್ಟಿಗಿಂತ ಕುತೂಹಲ ದೊಡ್ಡದಿತ್ತು. ಕಂಟೇನರನ್ನು ಪೂರ್ತಿ ಅಳಿಸಿ ಹೊಸದನ್ನು ಎಬ್ಬಿಸಿ, ಅದೇ ಸಂದೇಶಗಳನ್ನು ಮತ್ತೆ ಉಣಿಸಿದೆ. ಸಂಸೆ ಮತ್ತೆ ಸರದಿಯಿಂದ ಹೊರಗೆ. ಇನ್ನೊಮ್ಮೆ ಅಳಿಸಿದೆ, ಮತ್ತೆ ಅದೇ ತಪ್ಪು. ಹಿಂದಿನದೇನೂ ನೆನಪಿಲ್ಲದ ಯಂತ್ರ ಪ್ರತಿ ಸಲವೂ ಒಂದೇ ಕಡೆ ಎಡವುವುದಾದರೆ, ದಾರಿಯಲ್ಲಿ ಕಲ್ಲಿಟ್ಟವರು ಯಾರೋ ಇರಲೇಬೇಕು.

ಈಗ ಒಂದೊಂದೇ ದಿನದ ಸಂದೇಶಗಳನ್ನು ಕೊಟ್ಟು ಮೊತ್ತವನ್ನು ಗಮನಿಸಿದೆ. ಸಂಸೆಯಿಂದ ಏನೂ ಬಾರದ ದಿನವೂ ನಲವತ್ತು ಸೆಂಟ್ ಸೇರುತ್ತಿತ್ತು! ಮಳೆ ಬಾರದಿದ್ದರೆ ನಮ್ಮ ಗುಂಪಿನಲ್ಲಿ ಯಾರೂ ಏನೂ ಬರೆಯುವುದಿಲ್ಲ. ಹೂವಿನ ಹೊತ್ತಿನಲ್ಲಿ 'ಇಲ್ಲ' ಎಂದು ಬರೆಯುವುದು ಅಪಶಕುನ. ಏಜೆಂಟ್‌ಗೆ ನಾನು ಬರೆದುಕೊಟ್ಟ ಸೂಚನೆಯೋ ಹೀಗಿತ್ತು: ಸುದ್ದಿ ಬಾರದಿದ್ದರೆ ಹಿಂದಿನ ದಿನದ ಅಂಕಿಯನ್ನೇ ಹಿಡಿ.

"ಸಾರ್, ಈ ಸಾಲು ಹೇಳಿದ್ದು ನೀವು," ಎಂದೆ.

"ನೆಟ್‌ವರ್ಕ್ ಇಲ್ದೋರಿಗೆ ಅಂತ ಹೇಳಿದ್ದು ಮಾರಾಯ್ತಿ. ಮಳೆ ಇಲ್ದೋರಿಗೆ ಅಲ್ಲ."

"ಅದ್ಕೆ ಹೇಗ್ ಗೊತ್ತಾಗ್ಬೇಕು? ಇನ್ಮೇಲೆ ಚಾಲಕನಿಗೆ ಹೋಗೋ ಸಂದೇಶದ ಕೆಳಗೆ ನಿಮ್ ಹೆಸ್ರು ಇರ್ಬೇಕು. ನೀವ್ ಓದಿ ಒಪ್ಪದೆ ಹೋಗ್ಬಾರ್ದು."

"ನನ್ ಹೆಸ್ರಾ?" ಅವರು ರೆಂಬೆಯನ್ನೊಮ್ಮೆ ನೋಡಿ, ಚಾಲಕನಿಗೆ ತಾವೇ ಫೋನ್ ಮಾಡಿದರು. ಅಂದೇ ಸೆಟ್ ಸಂಸೆಗೆ ಹೋಯಿತು.

ಮರುದಿನ ಆ ಬೆಳೆಗಾರ್ತಿ ಗುಂಪಿನಲ್ಲಿ ಬರೆದರು: ಮಳೆ ಇಲ್ಲ. ನಾನು ಕಂಡಂತೆ ಗುಂಪಿಗೆ ಬಂದ ಮೊದಲ 'ಇಲ್ಲ' ಅದು. ಕೆಲವು ದಿನಗಳ ಬಳಿಕ ಅವರಿಂದ ಎರಡು ಚಿತ್ರಗಳು ಬಂದವು. ಕೆಳಗಿನ ಇಳಿಜಾರು ಬೆಳ್ಳಗೆ ಅರಳಿತ್ತು, ನೀರು ತಡವಾಗಿ ತಲುಪಿದ ಮೇಲಿನದು ಸುಟ್ಟುಹೋಗಿತ್ತು. ಜೊತೆಗೊಂದು ಪ್ರಶ್ನೆ: ಮೇಲಿನದಕ್ಕೆ ಯಾರ್ ಹೆಸ್ರು ಹಾಕ್ತೀರಿ?

ಕಾರ್ಯದರ್ಶಿ ಅದನ್ನು ಓದಿ, ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಸಂಸೆಯ ಬಸ್ ಹತ್ತಿದರು. ನಾನೂ ಹತ್ತಿದೆ.