ಲಗೂನಿನಲ್ಲಿ ಕಾಲುವೆ ದಾಟಿದ ಅಕ್ಕೋರು

ಕೃಷ್ಣೆಯ ಕಾಲುವೆಗೆ ನೀರು ಬಂದು ಒಂದು ತಲೆಮಾರು ಕಳೆದಿತ್ತು. ಆಗ ನಾನು ಲಕ್ಷದ್ವೀಪಕ್ಕೆ ಹೋಗುವ ಪ್ರವಾಸಿ ಹಡಗಿನಲ್ಲಿ ಲೈಫ್‌ಗಾರ್ಡ್ ಆಗಿದ್ದೆ. ನನ್ನೂರು ಸುರಪುರ ತಾಲೂಕಿನ ಕಕ್ಕೇರಾ. ಸಮುದ್ರವನ್ನೇ ಕಾಣದ ಊರಿನವನಿಗೆ ಇದೆಂಥ ನೌಕರಿ ಎಂದು ನಕ್ಕವರು ಬಹಳ. ನಾನು ಈಜು ಕಲಿತದ್ದು ಕಾಲುವೆಯಲ್ಲಿ. ಅಂದಿನಿಂದಲೂ ಯಾರಾದರೂ ನೀರಿಗಿಳಿದರೆ ನನಗೆ ಕುಂತಲ್ಲಿ ಕೂರಲಾಗುವುದಿಲ್ಲ.

ಹಡಗು ದ್ವೀಪದಾಚೆ ಲಂಗರು ಹಾಕಿದರೆ ಪ್ರಯಾಣಿಕರನ್ನು ದೋಣಿಯಲ್ಲಿ ಲಗೂನಿಗೆ ಒಯ್ಯುತ್ತಿದ್ದೆವು. ಲಗೂನ್ ಎಂದರೆ ಹವಳದ ದಿಬ್ಬ ಅಡ್ಡಗಟ್ಟಿದ ಆಳವಿಲ್ಲದ ಕಡಲು. ಸ್ನಾರ್ಕೆಲ್ ಎಂಬ ಉಸಿರುಕೊಳವೆ ಕಚ್ಚಿಕೊಂಡು ತೇಲಿದರೆ ಕೆಳಗೆ ಗಿಳಿಮೀನು, ಕಡಲಸೌತೆ, ಆಮೆ ಎಲ್ಲ ಕಾಣುತ್ತವೆ. ನೋಡಲು ಕೆರೆಯಂತೆ ನಿಂತ ನೀರು. ಆದರೆ ಕಡಲು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಅದು ದಿಬ್ಬದ ಒಂದು ಕಂಡಿಯಿಂದ ಹೊರಗೆ ನುಗ್ಗುತ್ತದೆ. ಕಂಡಿಯಲ್ಲಿ ಸಿಕ್ಕವರನ್ನು ಹವಳ ಸೀಳಿಹಾಕುತ್ತದೆ.

ಆ ಸಲ ಶಹಾಪುರದ ನೀಲಮ್ಮ, ಗಂಡನ ಜೊತೆ ಬಂದಿದ್ದರು. ಶಾಲೆಯಲ್ಲಿ ಕಲಿಸುವವರು, ನಮ್ಮ ಕಡೆ ಅಂಥವರನ್ನು ಅಕ್ಕೋರು ಎನ್ನುತ್ತೇವೆ. ನನ್ನ ಮಾತು ಕೇಳಿದೊಡನೆ ನಾನು ಯಾವ ಕಡೆಯವನೆಂದು ಗುರುತು ಹಿಡಿದುಬಿಟ್ಟರು. ಇಳಿತ ಶುರುವಾಗುವ ಮೊದಲೇ ಎಲ್ಲರನ್ನೂ ಹೊರಗೆ ಕರೆಸಬೇಕೆಂದು ನಾನು ಚಡಪಡಿಸುತ್ತಿದ್ದೆ.

"ಅಕ್ಕೋರೇ, ಸಾಕ್ರಿ, ಹೊರಗ ಬರ್ರಿ."

"ಯಾಕೋ ತಮ್ಮಾ, ಇಷ್ಟ್ಯಾಕ ಗಡಿಬಿಡಿ ಮಾಡಾಕತ್ತೀದಿ? ನಿಂತ ನೀರೈತಿ. ಹರಿಯೋ ಕಾಲುವಿಗೇ ಅಂಜಿಲ್ಲ ನಾ."

ಕಾಲುವೆ ದಂಡೆಯಲ್ಲಿ ಬೆಳೆದವರೆಲ್ಲ ಹೀಗೇ. ಹರಿಯುವ ನೀರಿಗೆ ಕೊಡುವ ಮರ್ಯಾದೆಯನ್ನು ನಿಂತ ನೀರಿಗೆ ಕೊಡುವುದಿಲ್ಲ. ನಾನು ಉಳಿದವರನ್ನು ದೋಣಿ ಹತ್ತಿಸುವಷ್ಟರಲ್ಲಿ ಅವರು ಆಮೆಯ ಬೆನ್ನು ಹತ್ತಿ ಮುಳುಗಬೇಕೆಂದು ಲೈಫ್ ಜಾಕೆಟ್ ಬಿಚ್ಚಿ ದಂಡೆಯಲ್ಲಿದ್ದ ಗಂಡನ ಕೈಗೆ ಕೊಟ್ಟಿದ್ದರು. ಅವರು ನೀರಿನಿಂದ ತಲೆಯೆತ್ತಿದಾಗ ಕಂಡಿಯ ಸೆಳೆತಕ್ಕೆ ಸಿಕ್ಕಾಗಿತ್ತು. ಗಂಡನ ಕಡೆಗೇ ನೆಟ್ಟಗೆ ಈಜುತ್ತಿದ್ದರು. ಕೈ ಬೀಸಿದಷ್ಟೂ ಹಿಂದೆ ಹೋಗುತ್ತಿದ್ದರು.

ತೇಲುವ ಟ್ಯೂಬ್ ಹಿಡಿದು ಹಾರಿದೆ. ಬಾಯಿಗೆ ಬಂದದ್ದು ತರಬೇತಿಯ ಇಂಗ್ಲಿಷ್ ಮಾತು: ದಂಡೆಗೆ ಸಮಾನಾಂತರವಾಗಿ ಈಜಿ. ಹೆದರಿದ ಜೀವಕ್ಕೆ ಅದು ತಟ್ಟಲಿಲ್ಲ. ಅವರ ಕೈ ಸೋಲತೊಡಗಿತ್ತು. ಆಗ ಊರ ಮಾತು ಬಂತು.

"ಅಕ್ಕೋರೇ, ಇದು ಕಾಲುವಿ ಅನ್ಕೋರಿ. ಎದುರು ಈಜಬ್ಯಾಡ್ರಿ. ನೀರಿನ ಕೂಡ ಹೋಗ್ಕೋತ ಅಡ್ಡ ದಾಟ್ರಿ."

ತುಂಬಿದ ಕಾಲುವೆಯನ್ನು ನಮ್ಮಲ್ಲಿ ಯಾರೂ ನೆಟ್ಟಗೆ ದಾಟುವುದಿಲ್ಲ. ಸೆಳೆತಕ್ಕೆ ಮೈ ಬಿಟ್ಟು, ಓರೆಯಾಗಿ ಈಜಿ, ಎಷ್ಟೋ ಕೆಳಗೆ ದಂಡೆ ಹತ್ತುತ್ತೇವೆ. ಅಕ್ಕೋರು ಗಂಡನ ಮೇಲಿನ ಕಣ್ಣು ಕಿತ್ತು, ಮೈ ಹೊರಳಿಸಿ ಅಡ್ಡ ಈಜತೊಡಗಿದರು. ಸೆಳೆತ ಸಡಿಲಾದ ಕಡೆ ಟ್ಯೂಬ್ ಅವರ ಕೈಗೆ ಸಿಕ್ಕಿತು.

ಗಂಡ ಜಾಕೆಟ್ ಅಪ್ಪಿಕೊಂಡು ಅಳುತ್ತ ನಿಂತಿದ್ದರು. ಅಕ್ಕೋರು ಮರಳ ಮೇಲೆ ಕುಂತು ಏದುಸಿರಿನಲ್ಲೇ ಅಂದರು, "ಸುಮ್ನಿರ್ರಿ. ಆಮಿ ನೋಡೇ ಬಂದೀನಿ."

ನನಗೆ ನಗು ಬಂತು. ಮುಳುಗುವವರಿಗೆ ಹೊಸ ಪಾಠ ಹೇಳಲು ಹೊತ್ತಿರುವುದಿಲ್ಲ, ಅವರ ಮೈಗೆ ಗೊತ್ತಿದ್ದುದನ್ನೇ ನೆನಪಿಸಬೇಕು ಎಂಬುದನ್ನು ಆ ನೌಕರಿ ನನಗೆ ಕಲಿಸಿತು. ಕೆಲಸ ಬಿಡುವವರೆಗೂ ಜಾಕೆಟ್ ಕಟ್ಟುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ: ನೀವು ಈಜು ಕಲಿತದ್ದು ಯಾವ ನೀರಿನಲ್ಲಿ?