ಒಣಗಿದ ಮೇಲೆ ತೂಗುವ ಉಣ್ಣೆ

ರಾಯದುರ್ಗದ ನಮ್ಮ ಅಂಗಳದಲ್ಲಿ ಹನ್ನೆರಡು ಗಂಟೆಗೆ ಮೊದಲು ಉಣ್ಣೆ ತೂಗುವ ಪದ್ಧತಿಯಿಲ್ಲ. ಬೆಳಗಿನ ತೇವ ಕುಡಿದ ಉಣ್ಣೆ ಸುಳ್ಳು ತೂಕ ತೋರಿಸುತ್ತದೆ. ಭೈರವಾನಿತಿಪ್ಪ ಕಡೆಯ ಕುರುಬರು ಎಷ್ಟೇ ಅವಸರ ಮಾಡಲಿ, ಬಿಸಿಲಿಗೆ ಹರವಿ ಒಣಗಿಸಿದ ಮೇಲೆಯೇ ನಾನು ತಕ್ಕಡಿ ಎತ್ತುವುದು.

ಪಿಎಚ್.ಡಿ. ಮುಗಿಸಿದ ಮೊಮ್ಮಗಳು ಹೊಸ ಬಗೆಯ ನಾರುಗಳನ್ನು ಅಳೆಯುವ ಪ್ರಯೋಗಾಲಯವೊಂದಕ್ಕೆ ಪೋಸ್ಟ್‌ಡಾಕ್ ಸಂಶೋಧನೆಗೆ ಅರ್ಜಿ ಹಾಕಿದ್ದಳು. ಅವಳ ಮನಸ್ಸೆಲ್ಲ ಅದೊಂದೇ ಜಾಗದ ಮೇಲಿತ್ತು. ಸಂದರ್ಶನ ನಮ್ಮ ಪಡಸಾಲೆಯಲ್ಲೇ, ಲ್ಯಾಪ್‌ಟಾಪಿನಲ್ಲಿ ನಡೆಯಿತು. ಅಂಗಳದ ಉಣ್ಣೆಯ ಎಳೆಗಳು ಬಿಸಿಲಿನಲ್ಲಿ ತೇಲುತ್ತ ಒಳಗೆ ಬರುತ್ತಿದ್ದವು. ಕಣ್ಣು ತೆರೆದೇ ಕನಸು ಕಂಡಂತಿತ್ತು ನನಗೆ. ನಡುವೆ ಅವಳು ನನ್ನ ಕಡೆ ನೋಡಿ ನಕ್ಕು, ಇಂಗ್ಲಿಷಿನಲ್ಲಿ ಏನೋ ಹೇಳಿದಳು.

ಮುಗಿದ ಮೇಲೆ ಕೇಳಿದೆ, "ಏನಂದೆವ್ವ?"

"ಒಂದ ನಾರು ದಿನಕ್ಕೊಂದು ತೂಕ ತೋರಿಸಿದ್ರ ಏನ್ ಮಾಡ್ತೀ ಅಂದ್ರು ತಾತ. ಮೊದ್ಲು ಒಣಗಸ್ತೀನಿ, ಆಮ್ಯಾಲ ತಕ್ಕಡಿನ್ನ ಬೈತೀನಿ ಅಂದೆ."

"ಅಷ್ಟಕ್ಕ ಕೆಲ್ಸ ಕೊಡ್ತಾರೇನು?"

"ಅಷ್ಟಕ್ಕ ನೀನು ಎಷ್ಟು ಮಂದಿನ್ನ ಕಾಯ್ಸಿಲ್ಲ?"

ಹದಿನೈದು ದಿನಕ್ಕೆ ಅವಳನ್ನು ಆರಿಸಿದ ಪತ್ರ ಬಂತು. ಅವಳು ಅಂಗಳಕ್ಕೆ ಓಡಿ ಬಂದು ಅದನ್ನು ಓದಿದಾಗ ಹತ್ತು ಗಂಟೆ. ಸಂತೋಷದಲ್ಲಿ ಮೈಮರೆತು ನಾನು ತಕ್ಕಡಿಗೆ ಕೈ ಹಾಕಿಬಿಟ್ಟೆ.

ಅವಳೇ ನನ್ನ ಕೈ ಹಿಡಿದಳು. "ತಡಿ ತಾತ, ಇನ್ನಾ ಹನ್ನೆರಡಾಗಿಲ್ಲ!"