ಪರ್ಸಿಯ ಕೆಳಗಿನ ಕೈ

ಶಹಾಬಾದಿನ ಗುಲಾಮ ದಸ್ತಗೀರನ ಬಲಗೈ ಅವನಿಗಿಂತ ಮುಂಚೆಯೇ ಮಣ್ಣು ಸೇರಿತ್ತು. ಹೋದ ವರ್ಷ ಪರ್ಸಿ ಕಲ್ಲು ಕೊಯ್ಯುವ ಮಷೀನಿಗೆ ಸಿಕ್ಕು ಮುಂಗೈ ತುಂಡಾದಾಗ, ಹಿರಿಯರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಖಬರಸ್ಥಾನದ ಮೂಲೆಯಲ್ಲಿ ಹೂತು, ಮೇಲೊಂದು ಪರ್ಸಿ ಚಪ್ಪಡಿ ಮುಚ್ಚಿದರು. ದಸ್ತಗೀರನೇ ಕೊಯ್ದು, ಮೇಲ್ಭಾಗಕ್ಕಷ್ಟೇ ಪಾಲಿಶ್ ಹೊಡೆದ ಕಲ್ಲು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿದರೆ ತಾನೆ! ಇಲ್ಲದ ಕೈ ಮುಷ್ಟಿ ಹಿಡಿದು ಕುಳಿತಿತ್ತು. ಉಗುರು ಅಂಗೈಗೆ ನಾಟಿದಂಥ ನೋವು, ಬಿಚ್ಚೋಣವೆಂದರೆ ಬೆರಳೆಲ್ಲಿವೆ? ಹೆಂಡತಿ ನಜಮುನ್ನೀಸಾ ಡಾಕ್ಟರು, ದರ್ಗಾ, ತಾಯತ ಎಲ್ಲ ಮಾಡಿ ಸೋತಿದ್ದಳು. ಆ ಮುಷ್ಟಿ ಒಮ್ಮೆ ಬಿಚ್ಚಿದರೆ ಸಾಕು, ಅವನಿಗೆ ಬೇರೇನೂ ಬೇಡವಾಗಿತ್ತು.

ಈ ಮಳೆಗಾಲ ಆ ಪರ್ಸಿ ಒಂದು ಬದಿ ಕುಸಿಯಿತು. ಸರಿಮಾಡಲು ಹೋದವನು ಎಡಗೈಯಿಂದ ಅಂಚು ಎತ್ತಿದರೆ, ಕೆಳಗೊಂದು ಚಪ್ಪಟೆ ಹುಳ. ಲೋಳೆ ಮೈ, ಅರ್ಧಚಂದ್ರದಂಥ ತಲೆ. ಬೆಚ್ಚಿ ಕಲ್ಲು ಬಿಟ್ಟ. ಅಂಚು ಬಿದ್ದು ಹುಳ ಎರಡಾಯಿತು. ಬಾಲ ಕಲ್ಲಿನಡಿ ಜಾರಿಹೋಯಿತು. ತಲೆಯ ತುಂಡನ್ನು ಡಬ್ಬಿಗೆ ಹಾಕಿಕೊಂಡು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನೆರೆಮನೆಯ ಸರಿತಾಳ ಬಾಗಿಲು ಬಡಿದ.

"ಮೇಡಂ, ನನ್ನ ಕೈ ತಿನ್ನಾಕತ್ತಿದ್ದು ಇದೇ ಏನ್ರಿ?"

"ಛೆ, ಇಲ್ಲ ಚಾಚಾ. ಇದು ಎರಿಹುಳ ತಿನ್ನೋದು. ಮೊದಲ ಇಂಥ ತಲಿ ಇದ್ದದ್ದಕ್ಕೆಲ್ಲ ಬೈಪೇಲಿಯಮ್ ಅಂತಿದ್ರು. ಆಮ್ಯಾಲ ಮೈ ಸೀಳಿ, ಒಳಗ ನೋಡಿ, ಬ್ಯಾರೆ ಬ್ಯಾರೆ ಕುಲ ಮಾಡ್ಯಾರ."

"ಒಳಗ ನೋಡಲಾರದವು?"

"ಅವಕ್ಕೂ ಒಂದು ಕುಲ ಅದ, ಡೈವರ್ಸಿಬೈಪೇಲಿಯಮ್ ಅಂತ. ಒಳಗೇನದ ಗೊತ್ತಿಲ್ಲದವನ್ನ ಅದರಾಗ ಇಟ್ಟು ಸುಮ್ಮನಾಗ್ತಾರ."

"ಬಾಲ ಅಲ್ಲೇ ಉಳೀತು. ಸತ್ತಿರಬೇಕಲ್ಲ?"

ಸರಿತಾ ನಕ್ಕಳು. "ಎಲ್ಲಿ ಸಾಯತದ್ರಿ! ಬಾಲಕ್ಕ ಹೊಸ ತಲಿ ಬರತದ. ತುಂಡಾದದ್ದು ಪೂರಾ ಹುಳ ಆಗತದ."

ದಸ್ತಗೀರ ನಗಲಿಲ್ಲ. ತುಂಡಾದದ್ದು ಪೂರಾ! ಹಾಗಾದರೆ ಆ ಕೈಗೆ ತೋಳು ಬಂದಿದ್ದರೆ? ತೋಳಿಗೆ ಹೆಗಲು, ಹೆಗಲಿನ ಮೇಲೆ ತನ್ನದೇ ಮುಖ? ಹುಚ್ಚು ಯೋಚನೆಯೆಂದು ಅವನಿಗೂ ಗೊತ್ತು. ಗೊತ್ತಿದ್ದರೆ ಹೆದರಿಕೆ ಬಿಡುತ್ತದೆಯೇ?

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಕಲ್ಲು ಎತ್ತಿ ನೋಡಿಯೇ ಬಿಡುವುದೆಂದು ಹಾರೆ ಹಿಡಿದು ಹೋದ. ನಜಮುನ್ನೀಸಾ ಖಬರಸ್ಥಾನದ ಗೇಟಿನಾಚೆ ನಿಂತಳು. ಡಬ್ಬಿಯ ತುಂಡನ್ನು ಕಲ್ಲಿನ ಪಕ್ಕ ಬಿಟ್ಟ. ಅದು ಮೆಲ್ಲಗೆ ಅಡಿಗೆ ಸರಿಯಿತು. ಹಾರೆ ಇಡುವ ಮುನ್ನ ಎಡ ಅಂಗೈಯನ್ನು ಪರ್ಸಿಯ ಮೇಲೆ ಊರಿದ. "ಬಿಡೋ ಮಾರಾಯಾ, ಸಾಕು ಮಾಡು," ಎಂದವನಿಗೆ ಅಳುವೇ ಬಂತು.

ಮುಷ್ಟಿ ಬಿಚ್ಚಿತು. ಬೆರಳು ಒಂದೊಂದೇ ಸಡಿಲಾಗಿ ನೋವು ಇಳಿದುಹೋಯಿತು. "ಯಾ ಅಲ್ಲಾ" ಎಂದು ಉಸಿರು ಬಿಡುವಷ್ಟರಲ್ಲಿ, ಬಿಚ್ಚಿದ ಬಲ ಅಂಗೈಗೆ ಕಲ್ಲು ತಾಗಿತು. ತಣ್ಣಗಿತ್ತು. ಎಡಗೈಯ ಕೆಳಗಿದ್ದದ್ದು ನುಣುಪು. ಇದು ಪಾಲಿಶ್ ಕಾಣದ ಒರಟು ಮೈ. ಪರ್ಸಿಯ ಅಡಿಭಾಗ.

ಹಾರೆ ಹೊತ್ತುಕೊಂಡು ಹಿಂತಿರುಗಿ ನೋಡದೆ ಗೇಟಿಗೆ ಬಂದ.

"ಏನದ ರೀ ಒಳಗ? ನೋಡಿದ್ರೇನು?" ಎಂದಳು ನಜಮುನ್ನೀಸಾ.

"ಇಲ್ಲ. ಯಾರೂ ನೋಡೂದು ಬ್ಯಾಡ," ಎಂದ ದಸ್ತಗೀರ. "ಅದು ಆ ಗೊತ್ತಿಲ್ಲದವುಗಳ ಕುಲದಾಗೇ ಇರಲಿ."